ಬಟ್ಟೆ ಗೊಂಬೆ ಅಳುತ್ತಿರಲಿಲ್ಲ

ನರ್ಸಮ್ಮ ಚನ್ನವೀರಮ್ಮ ಆರು ವರ್ಷ ಸಿರುಗುಪ್ಪದ ಸುತ್ತಲಿನ ಹಳ್ಳಿಗಳನ್ನು ತಿರುಗಿ, ಬಾಣಂತಿಯರನ್ನು ಕೂಡಿಸಿಕೊಂಡು, ಒಂದು ಬಟ್ಟೆ ಗೊಂಬೆಯನ್ನು ಎದೆಗೆ ಹಿಡಿದು, ಮಗುವಿಗೆ ಹಾಲೂಡಿಸುವುದು ಹೇಗೆಂದು ಭಾಷಣ ಮಾಡಿದ್ದಳು. ಗೊಂಬೆ ಒಂದು ದಿನವೂ ತಕರಾರು ಮಾಡಿರಲಿಲ್ಲ. ಈಗ, ೧೯೭೮ರ ಚಳಿಗಾಲದಲ್ಲಿ, ಬಾದನಹಟ್ಟಿಯ ತವರುಮನೆಯಲ್ಲಿ ಅವಳ ಸ್ವಂತ ಮಗು ಹುಟ್ಟಿ ನಾಲ್ಕು ದಿನವಾದರೂ, ಎರಡು ಗುಟುಕು ಕುಡಿದು ಬಿಟ್ಟು ಓಣಿಯೆಲ್ಲ ಕೂಡುವಂತೆ ಅಳುತ್ತಿತ್ತು.

ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಮಧ್ಯಾಹ್ನದ ಬಸ್ಸಿಗೆ ಅತ್ತೆ ಅಕ್ಕನಾಗಮ್ಮ ಸಿರುಗುಪ್ಪದಿಂದ ಹಾಲಿನ ಬಾಟಲಿ ತರುತ್ತಾರೆಂದು ಸುದ್ದಿ ಬಂದಿತ್ತು. ಹೋದ ವರ್ಷ ಅತ್ತೆಮನೆಯಲ್ಲಿ ವಾರಗಿತ್ತಿಯ ಮಗುವಿನ ಬಾಟಲಿಯನ್ನು ಎಲ್ಲರೆದುರು ಕಸಿದು ತಿಪ್ಪೆಗೆ ಎಸೆದವಳು ಇದೇ ಚನ್ನವೀರಮ್ಮ. ಅತ್ತೆ ಹೊಸ್ತಿಲು ದಾಟುವುದರೊಳಗೆ ಮಗು ಕುಡಿಯಬೇಕು. ಇಲ್ಲದಿದ್ದರೆ ಮಾನ ಹೋದಂತೆಯೇ.

ಅವಳು ತನ್ನ ಭಾಷಣವನ್ನೇ ನೆನಪಿಸಿಕೊಂಡಳು: "ಮಾತೆಯು ಬೆನ್ನನ್ನು ನೇರವಾಗಿಟ್ಟುಕೊಂಡು ಕುಳಿತುಕೊಳ್ಳತಕ್ಕದ್ದು." ನೇರವಾಗಿ ಕುಳಿತಳು. ನುಲಿಮಂಚ ನಡುವೆ ಜೋತುಬಿದ್ದಿತ್ತು. ಮಗು ಮಡಿಲ ತಳದಲ್ಲೆಲ್ಲೋ ಇತ್ತು. ಬಾವಿಗೆ ಬಿದ್ದ ಕೊಡವನ್ನು ಹುಡುಕುವವಳಂತೆ ಬಗ್ಗಬೇಕಾಯಿತು. ಬೆನ್ನು ಹಿಡಿಯಿತು. ಮೊಲೆತೊಟ್ಟು ಬಿರಿದು ಕಣ್ಣಲ್ಲಿ ನೀರು ಬಂತು.

"ಹಾಲಽ ಇಲ್ಲ ಆಕಿಗೆ. ಸಬ್ಬಸಗಿ ಪಲ್ಯ ತಿನ್ನಸ್ರಿ," ಎಂದಳು ಪಕ್ಕದ ಮನೆಯ ಎರ್ರಮ್ಮ, ಬುಟ್ಟಿ ತುಂಬ ಸೊಪ್ಪು ಇಳಿಸುತ್ತ.

"ಮುಂಜಾನಿಂದ ಮೂರು ಸಲ ತಿಂದೀನಿ ಎರ್ರಕ್ಕ. ಇನ್ನೊಮ್ಮೆ ತಿಂದ್ರ ನನ್ನ ಕಿವ್ಯಾಗಽ ಸಬ್ಬಸಗಿ ಚಿಗಿತೈತಿ."

ತಾಯಿ ಉಚ್ಚೆಂಗೆಮ್ಮ ದೃಷ್ಟಿ ತೆಗೆದಳು. ಮೆಣಸಿನಕಾಯಿ ಘಾಟಿಗೆ ಮನೆಯವರೆಲ್ಲ ಕೆಮ್ಮಿದರು. ಮಗು ಮಾತ್ರ ಕೆಮ್ಮಲೂ ಬಿಡುವಿಲ್ಲದೆ ಅತ್ತಿತು.

"ಮಂದಿಗೆಲ್ಲ ಹೇಳತಿದ್ದ್ಯಲ್ಲ ಚನ್ನಿ, ನೆನಪು ಮಾಡ್ಕೋ."

"ಹೇಳೋದು ನೆನಪೈತಿ ಯವ್ವಾ. ಕುಡಿಯೋದು ಗೊಂಬಿಗೆ ಗೊತ್ತಿತ್ತು, ಈ ನಿನ್ನ ಮೊಮ್ಮಗನಿಗೆ ಗೊತ್ತಿಲ್ಲ."

ಬಸ್ಸಿನ ಹೊತ್ತಾಗುತ್ತ ಬಂತು. ಅಷ್ಟರಲ್ಲಿ ಕೌದಿ ಹೊಲಿಯುವ ಮುದುಕಿ ಮದಾರಬೀ, ಕೂಸಿನ ಕೌದಿ ಕೊಡಲು ಬಂದವಳು, ಒಂದು ಗಳಿಗೆ ನಿಂತು ನೋಡಿದಳು. ಚನ್ನವೀರಮ್ಮನನ್ನು ಮಂಚದಿಂದ ಇಳಿಸಿ, ಗೋಡೆಗೆ ಒರಗಿಸಿ ಕೂಡಿಸಿ, ಬೆನ್ನಿಗೆ ಕೌದಿ ಸುರುಳಿ ಸುತ್ತಿ ಇಟ್ಟಳು.

"ಹಿಂದಕ್ಕ ವಾಲ್ರಿ. ನೀವು ಕೂಸಿನ ಕಡಿ ಹೋಗಬ್ಯಾಡ್ರಿ, ಕೂಸನ್ನ ನಿಮ್ಮ ಕಡಿ ತರ್ರಿ. ಹೊಟ್ಟಿಗೆ ಹೊಟ್ಟಿ ಹತ್ಲಿ. ಬಾಯಿ ದೊಡ್ಡದು ತೆಗಿಯೋ ಮಟ ತಡೀರಿ... ಹಾಂ, ಈಗ."

ಅಳು ನಿಂತಿತು. ಮಗು ಗುಟುಕು ಗುಟುಕಾಗಿ ಕುಡಿಯತೊಡಗಿತು. ನೋವಿಲ್ಲ, ಬೆನ್ನು ಹಗುರ. ಚನ್ನವೀರಮ್ಮನಿಗೆ ಸಂತೋಷಕ್ಕೆ ಅಳು ಬಂತು. ಹೊರಗೆ ಬಸ್ಸಿನ ಹಾರ್ನ್ ಕೇಳಿಸಿದರೂ ಹೆದರಿಕೆಯಾಗಲಿಲ್ಲ.

"ಇದನ್ನ ಎಲ್ಲಿ ಕಲ್ತಿರಿ, ಮದಾರಬೀ?"

"ನಿಮ್ಮ ಕಡಿಂದಽ ಅಲ್ಲೇನ್ರೀ! ಮಗಳ ಬಾಣಂತನಕ್ಕ ಹಚ್ಚೊಳ್ಳಿಗೆ ಹೋದಾಗ, ಸಾಲ್ಯಾಗ ಗೊಂಬಿ ತಂದು ತೋರಿಸಿದ್ರಿ. ನಿಮ್ಮ ಪುಸ್ತಕದ ಮಾತು ಒಂದೂ ತಿಳೀಲಿಲ್ಲ. ಆದ್ರ ಭಾಷಣ ಮುಗದ ಮ್ಯಾಲ ನೀವು ನಡದು ನಡದು ಸಾಕಾಗಿ ಗ್ವಾಡಿಗೆ ಒರಗಿ, ಗೊಂಬಿ ಹೊಟ್ಟಿ ಮ್ಯಾಲ ಹಾಕ್ಕೊಂಡು ಕುಂತಿದ್ರಲ್ಲ, ಅದನ್ನ ನೋಡಿ ಕಲ್ತೆ."

ಆರು ವರ್ಷ ಗಂಟಲು ಹರಿದುಕೊಂಡದ್ದೆಲ್ಲ ಚನ್ನವೀರಮ್ಮನ ಕಣ್ಣ ಮುಂದೆ ಬಂತು.

"ಅಲ್ರೀ, ಬೆನ್ನು ನೆಟ್ಟಗ ಇಡ್ರಿ ಅಂತ ನಾ ನೂರು ಸಲ ಹೇಳಿದ್ದೆ!" ಎಂದು ರೋಷದಿಂದ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಮಗುವಿನ ಬಾಯಿಂದ ಮೊಲೆ ಜಾರಿತು. ಅದು ಕಿಟಾರನೆ ಕಿರುಚಿತು.

ಬಾಗಿಲಲ್ಲಿ ಅಕ್ಕನಾಗಮ್ಮ ನಿಂತಿದ್ದರು. ಅಳುವ ಮೊಮ್ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು, ಚೀಲದಿಂದ ಬಾಟಲಿ ತೆಗೆದರು.

"ಹೊಸಾದು ತರಲಿಲ್ಲ ಚನ್ನವೀರವ್ವ," ಎಂದರು. "ನೀ ತಿಪ್ಪಿಗೆ ಒಗದಿದ್ದ್ಯಲ್ಲ, ಅದನ್ನಽ ತೊಳದು ಎತ್ತಿಟ್ಟಿದ್ದೆ."