ಬರಿಗಾಲಿನ ಒಪ್ಪಿಗೆ

ಎಲ್ಲದಕ್ಕೂ ಮೂಲ ಒಂದು ತೊಟ್ಟು ನೀರು. ಪಡಸಾಲೆಯ ನೆಲದ ಕೆಳಗೆಲ್ಲೋ ಪೈಪು ಸೋರುತ್ತಿದೆ ಎಂದು ರಿಪೇರಿಯವನು ಗೋಡೆಗೆ ಕಿವಿಯಿಟ್ಟು, ಡಾಕ್ಟರನಷ್ಟೇ ಗಂಭೀರವಾಗಿ ಹೇಳಿದ. ಎಲ್ಲಿ ಎಂಬುದು ಅವನಿಗೂ ಗೊತ್ತಿರಲಿಲ್ಲ. ಆದ್ದರಿಂದ ಇಡೀ ನೆಲವನ್ನೇ ಅಗೆದ. ಕೊನೆಗೆ ಸೋರುತ್ತಿದ್ದದ್ದು ಬಚ್ಚಲಮನೆಯ ನಲ್ಲಿ ಎಂದು ಗೊತ್ತಾಗಿ, ಅದಕ್ಕೊಂದು ವಾಷರು ಹಾಕಿ, ಕೈ ತೊಳೆದುಕೊಂಡು ಹೊರಟುಹೋದ. ಮನೆಯವರಿಗೆ ಉಳಿದದ್ದು ಮಣ್ಣು. ಆ ಮಣ್ಣಿನ ಮೇಲೆ ಹೊರಬಾಗಿಲಿನಿಂದ ಅಡುಗೆಮನೆಗೊಂದು, ಎರಡು ಕೋಣೆಗಳಿಗೆ ಒಂದೊಂದು ಮರದ ಹಲಗೆ. ಹದಿನೆಂಟು ದಿನಗಳಿಂದ ಅವರೆಲ್ಲ ಹಗ್ಗದ ಮೇಲೆ ನಡೆಯುವವರಂತೆ ಎರಡೂ ಕೈ ಚಾಚಿಕೊಂಡು ಓಡಾಡುತ್ತಿದ್ದರು.

ಹೊಸ ನೆಲ ಹಾಕಿಸುವುದೇನೂ ಕಷ್ಟವಲ್ಲ. ಯಾವ ನೆಲ ಎಂಬುದೇ ಕಷ್ಟ.

"ಮೊದಲಿದ್ದ ಹಾಗೇ ಕೆಂಪು ಗಾರೆ ನೆಲ ಆಗಬೇಕು," ಎಂದರು ಅಮ್ಮ. "ಪಡಸಾಲೆ ಅಂದ್ರೆ ಕಾಲಿಗೆ ತಂಪಾಗಿರಬೇಕು."

"ಬಿಳೀ ಟೈಲ್ಸ್. ಎರಡಡಿಗೆ ಎರಡಡಿ. ಬಗ್ಗಿದ್ರೆ ಮುಖ ಕಾಣಬೇಕು," ಎಂದಳು ಹೆಂಡತಿ. "ಹಾಲ್ ಅಂದ್ರೆ ಬೆಳಕಿರಬೇಕು."

"ಆಗ್ಲಿ," ಎಂದ ಮನೆಯ ಯಜಮಾನ, ಇಬ್ಬರಿಗೂ.

ಅವನಿಗೆ ಬರುತ್ತಿದ್ದದ್ದೇ ಅದೊಂದು ಮಾತು. ಅವನು ದುಡಿಯುವ ಕಚೇರಿಯ ಕಡತಗಳ ಕೋಣೆಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಆಗ್ಲಪ್ಪ. ಅವನಿಗೆ ಸಿಟ್ಟು ಬರುತ್ತಿರಲಿಲ್ಲವೆಂದಲ್ಲ. ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಹೊಟ್ಟೆಯಲ್ಲಿ ಹುಟ್ಟಿ, ಎದೆಯಲ್ಲಿ ಬಿಸಿಯಾಗಿ, ಗಂಟಲಿನವರೆಗೆ ಭುಸುಗುಟ್ಟಿಕೊಂಡು ಬಂದು, ನಾಲಿಗೆಯ ತುದಿಗೆ ಬರುವಷ್ಟರಲ್ಲಿ ತಲೆ ಬಾಚಿಕೊಂಡು ಅಂಗಿಯ ಗುಂಡಿ ಹಾಕಿಕೊಂಡು, "ಆಗ್ಲಿ" ಎಂದು ಹೊರಬೀಳುತ್ತಿತ್ತು.

ಅಂದು ಬೆಳಿಗ್ಗೆ ಎಂಟಕ್ಕೆ ಟೈಲ್ಸ್ ಮೇಸ್ತ್ರಿ ಬಂದ. ಅವನೂ ಸಿಟ್ಟಿನಲ್ಲೇ ಇದ್ದ.

"ಹದಿನೆಂಟು ದಿನ ಆಯ್ತು ಸಾರ್, ನಿಮ್ಮ ಮನೆ ಬಾಗಿಲಿಗೆ ಬರ್ತಾ ಇದೀನಿ, ಹೋಗ್ತಾ ಇದೀನಿ. ಇವತ್ತು ಸಂಜೆ ಐದು ಗಂಟೆ. ಐದೂ ಒಂದು ಅಲ್ಲ. ಯಾವ ನೆಲ ಅಂತ ಹೇಳಿದ್ರೆ ನಾಳೆಯಿಂದ ಕೆಲಸ. ಇಲ್ದಿದ್ರೆ ನಾಳೆ ಬೆಳಿಗ್ಗೆ ನಾನು ಒಂದು ದೊಡ್ಡ ಆಸ್ಪತ್ರೆ ಕೆಲಸಕ್ಕೆ ಹೊರಟೆ. ತಿರುಗಿ ಬರೋದು ಮೂರು ತಿಂಗಳಿಗೆ."

"ಆಗ್ಲಿ, ನಾನೇ ಹೇಳಿಬಿಡ್ತೀನಿ ಮೇಸ್ತ್ರಿ."

"ನೀವು ಹೇಳಿದ್ರೆ ಆಗಲ್ಲ. ನಂದೊಂದು ಕಟ್ಟುನಿಟ್ಟಿದೆ." ಮೇಸ್ತ್ರಿ ಕರಣೆಯನ್ನು ಬೆರಳಿನಂತೆ ಎತ್ತಿದ. "ಹಿಂದೆ ಒಂದು ಮನೇಲಿ ಯಜಮಾನ್ರ ಮಾತು ಕೇಳಿ ನೆಲ ಹಾಕಿದೆ. ಅವರ ಅಕ್ಕ ಬಂದು ಇದೇನು ಕಸಾಯಿಖಾನೆನಾ ಅಂದ್ರು. ಅಷ್ಟನ್ನೂ ಕೀಳಿಸಿದ್ರು. ಕೂತ ಟೈಲ್ಸ್ ಕೀಳೋದು ಅಂದ್ರೆ ಹಲ್ಲು ಕಿತ್ತ ಹಾಗೆ ಸಾರ್, ಒಂದೂ ಇಡಿಯಾಗಿ ಬರಲ್ಲ. ಅವತ್ತಿನಿಂದ ಮನೇಲಿರೋ ದೊಡ್ಡೋರೆಲ್ಲ ಒಬ್ಬೊಬ್ರಾಗಿ ಸ್ಯಾಂಪಲ್ ಮೇಲೆ ಬರಿಗಾಲಲ್ಲಿ ನಿಂತು, ನನ್ನ ಮುಖ ನೋಡಿ 'ಒಪ್ಪಿಗೆ' ಅನ್ನಬೇಕು. ಎಲ್ಲರ ಕಾಲೂ ಒಂದೇ ಸ್ಯಾಂಪಲ್ ಮೇಲೆ ಬಿದ್ಮೇಲೇ ನಾನು ಸಿಮೆಂಟು ಕಲಸೋದು."

ಅಡುಗೆಮನೆಯಿಂದ ಪಾತ್ರೆ ಕುಕ್ಕಿದ ಸದ್ದು ಬಂತು, ಅದು ಅಮ್ಮ. ಕೋಣೆಯಿಂದ ಬೀರುವಿನ ಬಾಗಿಲು ಬಡಿದ ಸದ್ದು ಬಂತು, ಅದು ಹೆಂಡತಿ. ಇಬ್ಬರೂ ಮಾತು ಬಿಟ್ಟು ನಾಲ್ಕು ದಿನವಾಗಿತ್ತು. ಆಗ್ಲಪ್ಪನಿಗೆ ನೆಲಕ್ಕಿಂತ ಹೆಚ್ಚಿನ ಭಯ ಅದೇ. ಇವರಿಬ್ಬರ ನಡುವೆ, ಆ ಹಲಗೆಗಳ ಮೇಲೆ, ಇನ್ನು ಮೂರು ತಿಂಗಳು! 

ರಜೆ ಕೇಳಲು ಫೋನು ಮಾಡಿದ. "ನೆಲಕ್ಕೆ ರಜಾನಾ? ನಾಳೆ ಗೋಡೆಗೆ ಕೇಳ್ತೀಯ, ನಾಡಿದ್ದು ಕಿಟಕಿಗೆ!" ಎಂದು ಸಾಹೇಬರು ಕಿವಿಯ ತಮಟೆ ಹರಿಯುವಂತೆ ಕೂಗಿದರು. ಆಗ್ಲಿ ಎಂದು ಫೋನು ಇಟ್ಟ, ಆದರೆ ಕಚೇರಿಯ ದಾರಿ ಹಿಡಿಯಲಿಲ್ಲ.

ಅವನಿಗೊಂದು ಉಪಾಯ ಹೊಳೆದಿತ್ತು. ಹಳೆಯದರ ಬಣ್ಣ, ಹೊಸದರ ಅಚ್ಚುಕಟ್ಟು, ಎರಡೂ ಸೇರಿದ್ದು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಅಗೆದು ಹಾಕಿದ ರಾಶಿಯಿಂದ ಕೆಂಪು ನೆಲದ ಒಂದು ಚಕ್ಕೆಯನ್ನು ಆರಿಸಿ ಕೈಚೀಲಕ್ಕೆ ಹಾಕಿಕೊಂಡು ಬೀದಿಗಿಳಿದ. ಗೇಟಿನ ಹತ್ತಿರವೇ ಪಕ್ಕದ ಮನೆಯ ನಿವೃತ್ತ ಇಂಜಿನಿಯರು ಸಿಕ್ಕಿದರು. ಕೆಲಸದಿಂದ ನಿವೃತ್ತರಾಗಿದ್ದರೂ ಅಳತೆ ಟೇಪಿನಿಂದ ನಿವೃತ್ತರಾಗಿರಲಿಲ್ಲ.

"ಏನ್ರೀ, ಟೈಲ್ಸ್ ತರೋಕೆ ಒಬ್ರೇ ಹೊರಟ್ರಾ? ಟೋಪಿ ಹಾಕ್ತಾರೆ ರೀ! ಇರಿ, ಚಪ್ಪಲಿ ಹಾಕ್ಕೊಂಡು ಬರ್ತೀನಿ."

ಬೇಡ ಎನ್ನಬೇಕೆಂದು ಬಾಯಿ ತೆರೆದ. ಹೊರಬಂದದ್ದು ಅದೇ ಮಾತು.

ಬಸ್ಸಿನಲ್ಲಿ ಇಂಜಿನಿಯರು ದಾರಿಯುದ್ದಕ್ಕೂ ನೀರು ಹರಿದುಹೋಗಲು ನೆಲಕ್ಕಿರಬೇಕಾದ ವಾಟದ ಬಗ್ಗೆ ಪಾಠ ಹೇಳಿದರು. ಹೇಳುವ ಭರದಲ್ಲಿ ಮೊಣಕೈ ತಗುಲಿ ಚೀಲ ಜಾರಿತು. ಕೆಂಪು ನೆಲದ ಚಕ್ಕೆ ಹೋಗಿ ಮುಂದಿನ ಸೀಟಿನ ದಢೂತಿ ಆಸಾಮಿಯ ಕಾಲಿನ ಹೆಬ್ಬೆರಳಿನ ಮೇಲೆ ಕೂತಿತು.

"ಕಣ್ಣು ಕಾಣಲ್ವೇನ್ರೀ! ಮನೆ ಕಟ್ಟೋ ಕಲ್ಲೆಲ್ಲ ಬಸ್ಸಲ್ಲಿ ಹೊರ್ತೀರಲ್ಲ, ಗಾಡಿ ಮಾಡ್ಕೊಳ್ಳಿ!"

"ಅವರಿಗೆ ಅಷ್ಟು ಪರಿಜ್ಞಾನ ಇಲ್ಲ ಬಿಡಿ," ಎಂದು ಇಂಜಿನಿಯರು ದಢೂತಿಯ ಪರ ವಹಿಸಿದರು. ಆಗ್ಲಪ್ಪನ ಕಿವಿ ಕೆಂಪಾಯಿತು. ಚಕ್ಕೆ ಎತ್ತಿಕೊಂಡು, ಅದನ್ನು ಯಾರ ತಲೆಯ ಮೇಲೆ ಹಾಕಬಹುದಿತ್ತು ಎಂದು ಇಳಿಯುವ ತನಕ ಯೋಚಿಸಿದ. ಹಾಕಲಿಲ್ಲ.

ಟೈಲ್ಸ್ ಅಂಗಡಿಯವನು ಚಕ್ಕೆಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದುಕೊಂಡ.

"ಇದು ತಾತನ ಕಾಲದ್ದು ಸಾರ್. ಈಗ ಯಾರು ಕೇಳ್ತಾರೆ?"

"ನಮ್ಮಮ್ಮ ಕೇಳ್ತಾರೆ," ಎಂದ ಆಗ್ಲಪ್ಪ ಮೆಲ್ಲಗೆ. "ನನ್ನ ಹೆಂಡತಿಗೆ ಹೊಳೆಯೋದು ಬೇಕು. ಎರಡಕ್ಕೂ ನಡುವೆ ಏನಾದ್ರೂ..."

ಅಂಗಡಿಯವನ ಕಣ್ಣು ಅರಳಿತು. ಮರವಲ್ಲದ ಮರ ತೋರಿಸಿದ, ಕಲ್ಲಲ್ಲದ ಕಲ್ಲು ತೋರಿಸಿದ. ಹೊಚ್ಚ ಹೊಸದಾಗಿದ್ದೂ ನೂರು ವರ್ಷ ತುಳಿದಂತೆ ಸವೆದಿರುವ ಟೈಲ್ಸನ್ನೂ ತೋರಿಸಿದ. ಅದನ್ನು ಕಂಡು ಇಂಜಿನಿಯರಿಗೆ ರೇಗಿತು. "ಸವೆದ ಹಾಗೆ ಕಾಣಬೇಕು ಅಂತ ದುಡ್ಡು ಕೊಟ್ಟು ತಗೋಬೇಕಾ? ಯಾಮಾರಿಸ್ತೀಯಾ?"

"ಬೇಡ ಅಂದ್ರೆ ಬಿಡಿ. ಕೊಳ್ಳೋರು ಅವರು, ನಿಮಗ್ಯಾಕ್ರೀ ಉರಿ?"

"ನಾನು ಮೂವತ್ತೆರಡು ವರ್ಷ ಸೇತುವೆ ಕಟ್ಟಿದೀನಿ ಕಣಯ್ಯ!"

"ಹಾಗಾದ್ರೆ ಹೋಗಿ ಸೇತುವೆಗೆ ಟೈಲ್ಸ್ ಹಾಕಿಸ್ಕೊಳ್ಳಿ!"

ಟೇಪು ಒಂದು ಕಡೆಯಿಂದ, ಬೆಲೆಪಟ್ಟಿ ಇನ್ನೊಂದು ಕಡೆಯಿಂದ ಗಾಳಿಯಲ್ಲಿ ಹಾರಾಡತೊಡಗಿದವು. "ನೀವೇ ಹೇಳಿ ಸಾರ್, ಯಾರದ್ದು ಸರಿ?" ಎಂದು ಇಬ್ಬರೂ ಅವನತ್ತ ತಿರುಗಿದರು. ಮನೆಯಲ್ಲೂ ಇದೇ, ಇಲ್ಲೂ ಇದೇ. ಆಗ್ಲಪ್ಪ ಇಬ್ಬರಿಗೂ ಬೆನ್ನು ತಿರುಗಿಸಿದ. ಆಗ, ಮೂಲೆಯ ಗೋಡೆಗೆ ಒರಗಿಸಿದ್ದ ಒಂದು ಟೈಲ್ಸ್ ಕಣ್ಣಿಗೆ ಬಿತ್ತು.

ಇಟ್ಟಿಗೆಗಿಂತ ತುಸು ಗಾಢವಾದ ಕೆಂಪು. ನುಣುಪು, ಆದರೆ ಕಣ್ಣು ಕುಕ್ಕುವ ಹೊಳಪಿಲ್ಲ. ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿಳಿ ಬಳ್ಳಿ. ಅದನ್ನು ನೆಲಕ್ಕೆ ಮಲಗಿಸಿ, ಚಪ್ಪಲಿ ಕಳಚಿ ಅದರ ಮೇಲೆ ನಿಂತ. ತಂಪಾಗಿತ್ತು. ಅವನಿಗೆ ಯಾಕೋ ಕಣ್ಣು ಮಂಜಾಯಿತು. ಇಷ್ಟು ವರ್ಷಗಳಲ್ಲಿ ಅವನು ತಾನಾಗಿ ಆರಿಸಿದ ಮೊದಲ ವಸ್ತು ಅದು. ಅಂಗಿಯ ಬಣ್ಣವನ್ನೂ ಬೇರೆಯವರೇ ಆರಿಸುತ್ತಿದ್ದರು. ಸ್ಯಾಂಪಲ್ಲೆಂದು ಒಂದನ್ನು ಅಂಗಡಿಯ ಹುಡುಗನಿಂದ ಕೇಳಿ ತೆಗೆದುಕೊಂಡು, ಕೆಂಪು ಚಕ್ಕೆಯನ್ನೂ ಚೀಲಕ್ಕೆ ಹಾಕಿಕೊಂಡು, ಜಗಳ ಮುಗಿಯುವುದಕ್ಕೆ ಕಾಯದೆ, ಇಂಜಿನಿಯರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದ. ಮಗುವನ್ನು ಕೂರಿಸಿಕೊಂಡಂತೆ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

ಮನೆ ಮುಟ್ಟಿದಾಗ ಮೂರು ಗಂಟೆ. ಹಲಗೆಯ ಮೇಲೆ ಟೈಲ್ಸ್ ಇಟ್ಟು ಇಬ್ಬರನ್ನೂ ಕರೆದ. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು, ಹೆಂಡತಿ ಕೋಣೆಯ ಹೊಸ್ತಿಲಲ್ಲಿ.

"ಏನೋ ಇದು, ಸೀದುಹೋದ ಇಟ್ಟಿಗೆ?" ಎಂದರು ಅಮ್ಮ. "ನಿಮ್ಮಪ್ಪ ಆ ಕೆಂಪು ನೆಲಾನ ಸ್ವಂತ ಕೈಯಲ್ಲಿ ಕಲ್ಲು ಹಿಡಿದು ಉಜ್ಜಿ ಉಜ್ಜಿ ನುಣುಪು ಮಾಡಿದ್ರು. ಅದರ ಜಾಗಕ್ಕೆ ಇದಾ?"

"ರೀ, ಇದು ಬಸ್ ಸ್ಟ್ಯಾಂಡಿನ ನೆಲ," ಎಂದಳು ಹೆಂಡತಿ. "ಹನ್ನೊಂದು ವರ್ಷದಿಂದ ಈ ಮನೆ ಗುಡಿಸ್ತಾ ಇದೀನಿ. ಒಂದು ಮೊಳೆ ಹೊಡಿಯೋಕೂ ನನ್ನನ್ನ ಯಾರೂ ಕೇಳಿಲ್ಲ. ಒಂದು ನೆಲ ಕೇಳಿದೆ. ಅದೂ ಆಗಲ್ವಾ?"

ಆಗ್ಲಪ್ಪನ ಹೊಟ್ಟೆಯಿಂದ ಸಿಟ್ಟು ಹೊರಟಿತು. ಎದೆಗೆ ಬಂತು. ಗಂಟಲಿಗೆ ಬಂತು. ಈ ಸಲ ತಲೆ ಬಾಚಿಕೊಳ್ಳಲು ನಿಲ್ಲಲಿಲ್ಲ.

"ಸಾಕು!"

ಕಿಟಕಿಯ ಗಾಜು ಝಣ್ಣೆಂದಿತು. ಹೆಂಡತಿಯ ಕೈಯಲ್ಲಿದ್ದ ಬಾಚಣಿಗೆ ಮಣ್ಣಿಗೆ ಬಿತ್ತು.

"ಕೆಂಪು! ಬಿಳಿ! ಹದಿನೆಂಟು ದಿನದಿಂದ ಕೆಂಪು, ಬಿಳಿ! ಅಮ್ಮಾ, ಅಪ್ಪ ಉಜ್ಜಿದ ನೆಲ ಅಂತೀಯಲ್ಲ, ಒರೆಸಿದ ನೆಲದ ಮೇಲೆ ಕಾಲಿಟ್ರು ಅಂತ ಅದೇ ಅಪ್ಪನ ಹತ್ರ ಮೂರು ದಿನ ಮಾತು ಬಿಟ್ಟಿದ್ದೆ ನೀನು! ಮತ್ತೆ ನೀನು ಕಣೇ, ನಿಂದು ಅಂತ ಏನೂ ಇಲ್ವಾ ಈ ಮನೇಲಿ? ನಂದೇನಿದೆ ತೋರ್ಸು! ಒಂದು ಹಲಗೆ! ಅದೂ ಬಾಡಿಗೇದು! ಒಬ್ರಿಗೊಬ್ರು ಒಂದೇ ಒಂದು ಸಲ ಬಿಟ್ಟುಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ? ಇಷ್ಟು ವರ್ಷ ಒಂದೇ ಒಲೇಲಿ ಬೇಯಿಸ್ಕೊಂಡು ತಿಂದಿದೀರಲ್ಲ, ನಾಚಿಕೆ ಆಗಲ್ವಾ?"

ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಸೈಕಲ್ಲಿನಿಂದ ಇಳಿದು ನಿಂತರು. ಆಗ್ಲಪ್ಪ ದಡದಡನೆ ಹೊರಗೆ ಹೋಗಿ ಮರಳಿನ ಗುಡ್ಡೆಯ ಮೇಲೆ ಕೂತ. ಹೆದರಿಕೆಯಾಯಿತು, ಸ್ವಲ್ಪ ಖುಷಿಯೂ ಆಯಿತು. ತನ್ನ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ಅವನಿಗೇ ಗೊತ್ತಿರಲಿಲ್ಲ.

ಐದಕ್ಕೆ ಸರಿಯಾಗಿ ಮೇಸ್ತ್ರಿ ಬಂದ. ಅವನ ಹಿಂದೆಯೇ ಆಗ್ಲಪ್ಪನೂ ಒಳಗೆ ಹೋದ. ಮೇಸ್ತ್ರಿ ಮಣ್ಣನ್ನು ಕಾಲಿನಿಂದ ತಟ್ಟಿ ಸಮ ಮಾಡಿ ಮೂರು ಸ್ಯಾಂಪಲ್ಲುಗಳನ್ನು ಸಾಲಾಗಿ ಇಟ್ಟ: ಹೆಂಡತಿಗೆಂದು ತಾನೇ ತಂದಿದ್ದ ದೊಡ್ಡ ಬಿಳಿ ಟೈಲ್ಸ್, ಅಮ್ಮನ ಕೆಂಪು ಚಕ್ಕೆ, ನಡುವೆ ಆಗ್ಲಪ್ಪನ ಬಳ್ಳಿಯಂಚಿನದು. "ದೊಡ್ಡೋರು ಮೊದಲು," ಎಂದ.

ಅಮ್ಮ ಹೊರಬಂದರು. ಯಾರ ಮುಖವನ್ನೂ ನೋಡದೆ ಹಲಗೆಯಿಂದ ಇಳಿದರು. ಕೆಂಪು ಚಕ್ಕೆಯನ್ನು ದಾಟಿದರು. ಆಗ್ಲಪ್ಪನದನ್ನೂ ದಾಟಿದರು. ಹೋಗಿ ಬಿಳಿ ಟೈಲ್ಸಿನ ಮೇಲೆ ಎರಡೂ ಪಾದ ಊರಿ, "ಒಪ್ಪಿಗೆ," ಎಂದರು.

ಆಗ್ಲಪ್ಪ ಕಣ್ಣುಜ್ಜಿಕೊಂಡ. ಅಷ್ಟರಲ್ಲಿ ಆ ಕಡೆಯಿಂದ ಹೆಂಡತಿ ಬಂದಳು. ಅವಳೂ ಯಾರನ್ನೂ ನೋಡಲಿಲ್ಲ. ಅಂಗೈಯಗಲದ ಕೆಂಪು ಚಕ್ಕೆಯ ಮೇಲೆ ಎರಡು ಪಾದ ಹಿಡಿಸದೆ, ಕೊಕ್ಕರೆಯಂತೆ ಒಂದೇ ಕಾಲಲ್ಲಿ ನಿಂತು, "ಒಪ್ಪಿಗೆ," ಎಂದಳು.

ಆಗ ಇಬ್ಬರೂ ತಲೆಯೆತ್ತಿದರು.

ಆಗ್ಲಪ್ಪ ಒಂದು ಹೆಜ್ಜೆ ಮುಂದೆ ಬಂದ. ಒಂದು ಸಲ ಬಾಯಿ ಬಿಟ್ಟು ಕೂಗಿದ್ದಕ್ಕೆ ಇಷ್ಟು ಫಲವೇ! ಅತ್ತೆ ಸೊಸೆಗಾಗಿ, ಸೊಸೆ ಅತ್ತೆಗಾಗಿ. ಇನ್ನೇನು ಇಬ್ಬರೂ ಅಪ್ಪಿಕೊಳ್ಳುತ್ತಾರೆ ಎಂದುಕೊಂಡ.

"ಇಳಿಯೇ ಕೆಳಗೆ!" ಎಂದರು ಅಮ್ಮ. "ನಾನು ನಿನಗೆ ಬಿಟ್ಟುಕೊಟ್ಟಾಗಿದೆ."

"ನೀವು ಇಳೀರಿ ಅತ್ತೆ. ನಾನು ನಿಮಗೆ ಬಿಟ್ಟುಕೊಟ್ಟಾಗಿದೆ."

"ಮೊದಲು ನಿಂತೋಳು ನಾನು!"

"ಮೊದಲು ಮನಸ್ಸು ಮಾಡಿದೋಳು ನಾನು! ಮೂರೂಕಾಲು ಗಂಟೆಗೇ ಮಾಡಿದ್ದೆ!"

"ಗೊತ್ತು ಕಣೇ ನಿನ್ನ ಹುನ್ನಾರ. ಕೆಂಪು ನೆಲ ಹಾಕ್ಸಿ, ಬಂದೋರಿಗೆಲ್ಲ 'ನಂಗಿಷ್ಟ ಇರಲಿಲ್ಲ, ಪಾಪ ಅತ್ತೆಗೋಸ್ಕರ ಸಹಿಸ್ಕೊಂಡೆ' ಅಂತ ಸಾಯೋವರೆಗೂ ಹೇಳ್ತೀಯ. ಆ ಪುಣ್ಯ ನಿಂಗೆ ಬಿಡಲ್ಲ!"

"ಆಹಾ! ಬಿಳೀ ನೆಲ ಹಾಕ್ಸಿ, ನಾನು ಒರೆಸಿದಾಗಲೆಲ್ಲ ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಡೋಕಾ? 'ನಮ್ಮೋರು ಉಜ್ಜಿದ ನೆಲ ಹೋಯ್ತು, ಸೊಸೆ ಚೆನ್ನಾಗಿರ್ಲಿ' ಅಂತ? ನಾನು ಆ ಋಣ ಹೊರಲ್ಲ!"

ಮಾತು ಬಿಡುವುದಕ್ಕೆ ಮುಂಚಿನ ಜಗಳಕ್ಕಿಂತ ದನಿ ಒಂದು ಪಟ್ಟು ಮೇಲಿತ್ತು. ಆಗ್ಲಪ್ಪ ಚಪ್ಪಲಿ ಕಳಚಿ, ನಡುವಿನ ಟೈಲ್ಸಿನ ಮೇಲೆ ನಿಂತು, "ಒಪ್ಪಿಗೆ. ಇಬ್ರೂ ಬಿಟ್ಟುಕೊಟ್ಟಿದೀರಲ್ಲ, ಹಾಗಾದ್ರೆ ಇದನ್ನೇ..." ಎಂದ.

"ನೀನು ಸುಮ್ನಿರು!" ಎಂದರು ಅಮ್ಮ.

"ನೀವು ಸುಮ್ನಿರಿ!" ಎಂದಳು ಹೆಂಡತಿ.

ಮೇಸ್ತ್ರಿ ಗಡಿಯಾರ ನೋಡಿಕೊಂಡ. "ಬೆಳಿಗ್ಗೆ ಎರಡು ನೆಲ ಇತ್ತು. ಈಗ ಮೂರು ಆಗಿದೆ. ನಾನು ಮೂರು ತಿಂಗಳು ಬಿಟ್ಟು ಬರೋದೇ ವಾಸಿ," ಎಂದು ಕರಣೆಯನ್ನು ಚೀಲಕ್ಕೆ ತುರುಕಿ, ಹಲಗೆಯ ಮೇಲೆ ಧಪಧಪ ನಡೆದು ಹೊರಟೇಹೋದ.

ಯಾರೂ ಇಳಿಯಲಿಲ್ಲ. ಇಳಿದವರು ಸೋತಂತೆ. ಕಾಲು ಗಂಟೆ ಕಳೆಯಿತು. ಅಡುಗೆಮನೆಯಿಂದ ಏನೋ ಸೀದ ವಾಸನೆ ಬಂದರೂ ಇಬ್ಬರೂ ಮೂಗು ಅರಳಿಸಿದರೇ ಹೊರತು ಕಾಲು ಕದಲಿಸಲಿಲ್ಲ.

"ಮಂಡಿ ನೋಯ್ತಿದೆ," ಎಂದರು ಅಮ್ಮ ಕೊನೆಗೆ. "ಒಂದು ಕುರ್ಚಿ ತಾರೋ. ಮೂರು ತಿಂಗಳು ತಾನೇ? ಇಲ್ಲೇ ಕೂತಿರ್ತೀನಿ."

"ನಂಗೂ ಒಂದು ತನ್ನಿ," ಎಂದಳು ಹೆಂಡತಿ.

ಆಗ್ಲಪ್ಪ ಇಳಿದ. ಅವನು ಇಳಿದದ್ದನ್ನು ಇಬ್ಬರೂ ಗಮನಿಸಲಿಲ್ಲ. ಹೋಗಿ ಸ್ಟವ್ ಆರಿಸಿ, ಎರಡು ಕುರ್ಚಿ ತಂದ. ಅಮ್ಮ ಪಾದ ಕೀಳದೆಯೇ ಕೂತರು. ಹೆಂಡತಿಯೂ ಹಾಗೆಯೇ ಕೂತಳು. ಅಗೆದ ನೆಲದ ಮೇಲೆ ಎರಡೂ ಕುರ್ಚಿಗಳು ಡುಗುಡುಗು ಎಂದು ಕುಣಿದವು.

"ಅಲುಗಾಡ್ತಿದೆ, ಬಿದ್ದು ಸೊಂಟ ಮುರ್ಕೊಳ್ಳಲಾ? ಕಾಲಿನ ಕೆಳಗೆ ಏನಾದ್ರೂ ಕೊಡೋ."

"ಇದಕ್ಕೂ ಕೊಡಿ. ಗಟ್ಟಿಯಾಗಿರೋದು ಏನಾದ್ರೂ."

ಆಗ್ಲಪ್ಪ ಸುತ್ತ ನೋಡಿದ. ಆಮೇಲೆ ಮೂಲೆಯಿಂದ ಸುತ್ತಿಗೆ ಎತ್ತಿಕೊಂಡು, ತುಟಿ ಕಚ್ಚಿ, ಆ ದಿನದ ಸಿಟ್ಟಿನಲ್ಲಿ ಉಳಿದದ್ದನ್ನೆಲ್ಲ ತೋಳಿಗೆ ತಂದುಕೊಂಡು ಒಂದೇ ಏಟು ಹಾಕಿದ. ಬಳ್ಳಿಯಂಚಿನ ಟೈಲ್ಸ್ ಎಂಟು ಚೂರಾಯಿತು. ಮಂಡಿಯೂರಿ ಕುರ್ಚಿಯ ಕಾಲುಗಳ ಕೆಳಗೆ ಒಂದೊಂದೇ ಚೂರು ಸಿಕ್ಕಿಸಿದ: ನಾಲ್ಕು ಅಮ್ಮನ ಕಡೆ, ನಾಲ್ಕು ಹೆಂಡತಿಯ ಕಡೆ.

ಇಬ್ಬರೂ ಕೂತಲ್ಲೇ ಹಿಂದಕ್ಕೂ ಮುಂದಕ್ಕೂ ಒರಗಿ ನೋಡಿದರು. ಕುರ್ಚಿಗಳು ಅಲುಗಲಿಲ್ಲ.

"ಈಗ ಸರಿಹೋಯ್ತು," ಎಂದರು ಅಮ್ಮ.

"ಹೂಂ," ಎಂದಳು ಹೆಂಡತಿ. "ಇದು ಗಟ್ಟಿಯಾಗಿದೆ."