ಭೊಂಬೋಲನ ಮಾಲ್ವೇರ್ ಮರ್ದನ

"ಇವತ್ತು ಸಂಜೆಯೊಳಗೆ ಈ ಕಂಪ್ಯೂಟರಿನ ಮಾಲ್ವೇರ್ ಕುಲವನ್ನೇ ನಿರ್ನಾಮ ಮಾಡದಿದ್ದರೆ ನನ್ನ ಹೆಸರು ನಿರುಪಮ್ ಘೋಷಾಲ್ ಅಲ್ಲ!" ಎಂದು ಚಹಾ ಲೋಟ ಕುಕ್ಕಿ ಘೋಷಿಸಿದೆ.

"ಪರವಾಗಿಲ್ಲ ಬಿಡಿ, ಭೊಂಬೋಲ್ ಅನ್ನೋ ಹೆಸರು ಇದ್ದೇ ಇದೆಯಲ್ಲ," ಎಂದಳು ಹೆಂಡತಿ ಶರ್ಬಾಣಿ.

ಅಮ್ಮ ಇಟ್ಟ ಆ ಮುದ್ದಿನ ಹೆಸರು ಐವತ್ತು ದಾಟಿದರೂ ನನ್ನನ್ನು ಬಿಟ್ಟಿಲ್ಲ. ಕೃಷ್ಣನಗರದ ನಮ್ಮ ಓಣಿಯ ನಾಯಿಗೂ ಅದು ಗೊತ್ತು.

ಪ್ರತಿಜ್ಞೆಗೆ ಕಾರಣವಿತ್ತು. ಕೋಲ್ಕತ್ತದ ಒಂದು ಸಂಗೀತ ಶಾಲೆಯವರು ಸಂಜೆ ಐದಕ್ಕೆ ಕಂಪ್ಯೂಟರಿನ ವಿಡಿಯೋ ಕರೆಯಲ್ಲೇ ಶರ್ಬಾಣಿಯ ಹಾಡು ಕೇಳಿ, ಮೆಚ್ಚಿದರೆ ಟೀಚರ್ ಕೆಲಸ ಕೊಡುವವರಿದ್ದರು. ಇಷ್ಟು ವರ್ಷ ಅವಳ ಹಾಡು ಕೇಳಿದ್ದು ಅಡುಗೆಮನೆಯ ಬಾಣಲೆ ಮಾತ್ರ. ಆದರೆ ಹಿಂದಿನ ದಿನ ಅವಳು ತನ್ನ ತಂಗಿಯ ಜೊತೆ ಪ್ರಯೋಗ ಮಾಡಿ ನೋಡಿದರೆ, ಮೊದಲ ಆಲಾಪಕ್ಕೇ ಕಂಪ್ಯೂಟರ್ ಸ್ತಬ್ಧ! ಪರದೆಯ ಮೇಲೆ ಶರ್ಬಾಣಿ ಹಲ್ಲಿನ ಡಾಕ್ಟರ ಮುಂದೆ ಕೂತವಳ ಹಾಗೆ ಬಾಯಿ ತೆರೆದೇ ಉಳಿದಳು.

ಅಂದೇ ಚಹಾದಂಗಡಿಯ ಹರಟೆಗಾರರ ಮುಂದೆ ಸಂಗತಿ ಇಟ್ಟೆ. ಅಲ್ಲಿ ಫುಟ್‌ಬಾಲಿನಿಂದ ಪಿತ್ತಕೋಶದವರೆಗೆ ಎಲ್ಲಕ್ಕೂ ತೀರ್ಪು ಸಿಗುತ್ತದೆ. "ಮಾಲ್ವೇರ್! ಯಾವುದೋ ಕೇಡಿ ಪ್ರೋಗ್ರಾಂ ಒಳಗೆ ಹೊಕ್ಕಿದೆ!" ಎಂದರು ಒಕ್ಕೊರಲಿನಿಂದ.

"ರಿಪೇರಿಯವನನ್ನ ಕರೀರಿ," ಎಂದಳು ಶರ್ಬಾಣಿ.

"ನಾನಿರುವಾಗ?"

"ನೀವಿದ್ದೀರಲ್ಲ, ಅದಕ್ಕೇ!"

ಪೌಷ ಮಾಸದ ಚಳಿ. ಅಮ್ಮನ ಆಜ್ಞೆಯಂತೆ ಕಣ್ಣು, ಮೂಗು, ಬಾಯಿ ಬಿಟ್ಟು ಉಳಿದದ್ದೆಲ್ಲ ಮುಚ್ಚುವ ಮಂಕಿ ಕ್ಯಾಪ್ ಏರಿಸಿ ಯುದ್ಧಕ್ಕೆ ಕುಳಿತೆ. ಅಮ್ಮನ ಪ್ರಕಾರ ಜಗತ್ತಿನ ಸಕಲ ರೋಗಕ್ಕೂ ಮೂಲ ಶೀತ. ದೀಪಾವಳಿಯ ಕಾಳಿಪೂಜೆ ಮುಗಿದದ್ದೇ ತಡ, ನಮ್ಮ ಮನೆಯಲ್ಲಿ ಮನುಷ್ಯರಿಗೆ ಟೋಪಿ, ಟಿವಿಗೆ ಕಸೂತಿಯ ಮುಸುಕು, ಹಾರ್ಮೋನಿಯಂಗೆ ಗವಸು! ಮೇಜಿನ ಕೆಳಗೆ ಗೊರಗೊರ ಎನ್ನುತ್ತಿದ್ದ ಕಂಪ್ಯೂಟರ್ ಡಬ್ಬಕ್ಕೂ ಕಫ ಕಟ್ಟಿದೆಯೆಂದು ಆಕೆ ಕೈಯಾರೆ ಸ್ವೆಟರ್ ಹೆಣೆದು ತೊಡಿಸಿದ್ದಳು. ವೈರುಗಳಿಗೆ ತೋಳು ಕೂಡ ಇತ್ತು. ನನ್ನ ಟೋಪಿಗೂ ಅದಕ್ಕೂ ಒಂದೇ ಉಂಡೆಯ ನೀಲಿ ಉಣ್ಣೆ.

ಪುಕ್ಕಟೆ ಸಿಗುವ ಒಂದು ಆಂಟಿವೈರಸ್ ಇಳಿಸಿಕೊಂಡೆ. ಅದು ಬಂದದ್ದೇ "ನೂರಾರು ಅಪಾಯ!" ಎಂದಿತು. ಅನುಮಾನ ಬಂದು ಇನ್ನೊಂದನ್ನು ಇಳಿಸಿದೆ. ಅದು ಮೊದಲನೆಯದನ್ನೇ ಅಪಾಯ ಎಂದಿತು. ಮೊದಲನೆಯದು ಎರಡನೆಯದನ್ನು ತೋರಿಸಿ "ಅದೇ ಕಳ್ಳ!" ಎಂದಿತು. ನಾನು ಯಾರನ್ನು ನಂಬಲಿ? ಪಂಚಾಯಿತಿಗೆಂದು ಮೂರನೆಯದನ್ನು ಕರೆದೆ. ಅದು ಹೆಣ್ಣುದನಿಯಲ್ಲಿ ಕಿರುಚತೊಡಗಿತು: "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ! ಈಗಲೇ ಒಪ್ಪಿಗೆ ಒತ್ತಿ!"

ಅಮ್ಮ ಓಡಿ ಬಂದಳು. "ಭೊಂಬೋಲ್, ಯಾರೋ ಅವಳು?"

"ಕಂಪ್ಯೂಟರ್, ಅಮ್ಮಾ."

"ದನಿ ಬಂತಾ? ಹಾಗಾದ್ರೆ ಕಫ ಸ್ವಲ್ಪ ಕರಗಿದೆ," ಎಂದು ಸ್ವೆಟರನ್ನು ಇನ್ನಷ್ಟು ಎಳೆದು ಹೊದಿಸಿ ಹೋದಳು.

ನಾನು ಒಪ್ಪಿಗೆ ಒತ್ತಿದೆ. ಏನು ಕೇಳಿದರೂ ಒತ್ತಿದೆ! ಅಳಿಸಲೇ? ಅಳಿಸು! ಬಂಧಿಸಲೇ? ಬಂಧಿಸು! ಯಾರನ್ನು ಹಿಡಿದೆ, ಯಾರನ್ನು ಬಿಟ್ಟೆ, ದೇವರಾಣೆಗೂ ಗೊತ್ತಿಲ್ಲ. ಕಂಪ್ಯೂಟರ್ ಮಾತ್ರ ಮೊದಲು ತೆವಳುತ್ತಿದ್ದದ್ದು ಈಗ ಮಲಗಿಯೇ ಬಿಟ್ಟಿತು.

ನಾಲ್ಕೂವರೆಗೆ ಶರ್ಬಾಣಿ ಹೊಸ ಸೀರೆ ಉಟ್ಟು ಬಂದು ಪರದೆ ನೋಡಿದಳು. "ನನ್ನ ತಂಬೂರಿ ಎಲ್ಲಿ?"

ಶ್ರುತಿಗೆಂದು ಅವಳು ಕಂಪ್ಯೂಟರಿನಲ್ಲಿ ಹಾಕಿಸಿಕೊಂಡಿದ್ದ ತಂಬೂರಿ ಅದು. ನಾನು ಗಂಟಲು ಸರಿಮಾಡಿಕೊಂಡೆ. "ಅದು... ಬಂಧನದಲ್ಲಿದೆ. ಯಾವಾಗಲೂ ಒಂದೇ ಸದ್ದು ಮಾಡ್ತಿತ್ತು ನೋಡು, ಅನುಮಾನ ಬಂತು."

"ನಿಮ್ಮನ್ನ ಒಳಗೆ ಹಾಕಬೇಕಿತ್ತು!" ಎಂದವಳ ದನಿ ಸಟ್ಟನೆ ಇಳಿಯಿತು. "ಇದೊಂದು ದಿನ ರೀ... ಇದೊಂದೇ ದಿನ ನಾನು ಕೇಳಿದ್ದು."

ನಾನು ಗಡಿಬಿಡಿಯಲ್ಲಿ ಇನ್ನೊಂದು ಸಲ ಒಪ್ಪಿಗೆ ಒತ್ತಿದೆ. ಅದೇ ಗಳಿಗೆಗೆ ಪರದೆ ಕಪ್ಪಾಯಿತು!

ಪ್ಲಗ್ ನೋಡಲು ಅವಳು ಮೇಜಿನ ಕೆಳಗೆ ಬಗ್ಗಿದಳು. ಡಬ್ಬಕ್ಕೆ ಕೈ ತಗುಲಿದ್ದೇ "ಅಯ್ಯೋ! ಕೆಂಡದ ಹಾಗೆ ಸುಡ್ತಿದೆ!" ಎಂದು ಚೀರಿದಳು.

"ಜ್ವರ!" ಅಮ್ಮ ಬಾಗಿಲಲ್ಲೇ ಗೆದ್ದವಳಂತೆ ಕೂಗಿದಳು. "ಶೀತ ಶೀತ ಅಂತ ನಾನು ಬಡ್ಕೊಂಡೆ, ಯಾರು ಕೇಳಿದ್ರಿ? ಬೌಮಾ, ಒಂದು ಶಾಲು ತಗೊಂಡು ಬಾ!"

ಸೊಸೆ ಶಾಲು ತರಲಿಲ್ಲ. ಸ್ವೆಟರ್ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಸ್ವೆಟರ್ ನೋಡಿದಳು. ಒಂದೇ ಏಟಿಗೆ ಅದನ್ನು ಎಳೆದು ಬಿಸಾಡಿದಳು. ಗಾಳಿ ಆಡುವ ಕಿಂಡಿಗಳಲ್ಲೆಲ್ಲ ನೀಲಿ ಉಣ್ಣೆ! ಅದನ್ನು ಕಿತ್ತು ತೆಗೆದು, ಅಟ್ಟದ ಮೇಲಿನ ಟೇಬಲ್ ಫ್ಯಾನ್ ಇಳಿಸಿ ಡಬ್ಬದ ಮುಂದಿಟ್ಟಳು.

"ಪೌಷದಲ್ಲಿ ಫ್ಯಾನಾ! ನ್ಯುಮೋನಿಯಾ ಆಗುತ್ತೆ ಅದಕ್ಕೆ!" ಅಮ್ಮ ಕಣ್ಣು ಮುಚ್ಚಿಕೊಂಡಳು.

ಬಿಸಿ ಆರಿದ ಮೇಲೆ ಕಂಪ್ಯೂಟರ್ ಮೇಲೆದ್ದಿತು. ನನ್ನ ಮೂವರು ಕಾವಲುಗಾರರನ್ನೂ ಶರ್ಬಾಣಿ ಕತ್ತು ಹಿಡಿದು ಹೊರದಬ್ಬಿದಳು, ತಂಬೂರಿಯನ್ನು ಬಿಡಿಸಿಕೊಂಡಳು. ಐದಕ್ಕೆ ಸರಿಯಾಗಿ ಹಾಡಿದಳು. ಹಾಡು ಎಲ್ಲೂ ನಿಲ್ಲಲಿಲ್ಲ. ಬಾಗಿಲ ಹಿಂದೆ ನಿಂತು ಕೇಳುತ್ತ, ಈ ದನಿಯನ್ನು ಇಷ್ಟು ವರ್ಷ ಬಾಣಲೆಯ ಪಾಲಿಗೆ ಬಿಟ್ಟೆನಲ್ಲ ಎಂದು ನಾಚಿಕೆಯಾಯಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಮುಂದಿನ ವಾರದಿಂದ ಬನ್ನಿ ಅಂದ್ರು!" ಎಂದು ಶರ್ಬಾಣಿ ಹೊರಗೆ ಬಂದಳು.

ನಾನು ಎದೆ ಉಬ್ಬಿಸಿದೆ. "ನೋಡಿದ್ಯಾ? ಏನೇ ಆಗಲಿ, ಹೋರಾಡಿದ್ದು ನಾನೇ ತಾನೆ? ಒಂದೇ ಗೊಂದಲ ಉಳಿದಿದೆ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಯಾಕೆ ಹೊಳೀಲಿಲ್ಲ?"

ಅವಳು ಮುಗುಳ್ನಕ್ಕು ಹತ್ತಿರ ಬಂದು, ನನ್ನ ಮಂಕಿ ಕ್ಯಾಪಿನ ತುದಿಯ ಗೊಂಡೆ ಹಿಡಿದು ಸರ್ರನೆ ಎಳೆದಳು.

"ಉಣ್ಣೆ ತೆಗೆದ ಮೇಲೆ ಆ ಡಬ್ಬ ಓಡ್ತು. ಇದೂ ಓಡುತ್ತೇನೋ ನೋಡೋಣ!"