ಗೋಡೆಯ ಡಬ್ಬಿ, ನೆಲದ ಕಾಸು, ಪೆಟ್ಟಿಗೆಯ ಕವಡೆ

ಜನ ಜೋಪಾನವಾಗಿ ಬಚ್ಚಿಟ್ಟಿದ್ದು ಅವರ ಕೈಗೆ ಸಿಗುವುದಿಲ್ಲ, ನನ್ನಂಥ ಬಡಗಿಯ ಉಳಿಗೆ ಸಿಗುತ್ತದೆ. ಎಷ್ಟು ಸಲ ಹೀಗಾಗಿದೆಯೋ ಲೆಕ್ಕವಿಲ್ಲ. ಅರವತ್ತರ ದಶಕದ ಶುರುವಿನಲ್ಲಿ ಕಾರ್ಗಲ್ ಹತ್ತಿರ ಅಣೆಕಟ್ಟು ಏಳುತ್ತಿತ್ತು. ಮುಳುಗಡೆ ಊರುಗಳ ಜನ ಬಾಗಿಲು, ಕಂಬ, ತೊಲೆ ಎಲ್ಲ ಬಿಚ್ಚಿಸಿ ಗಾಡಿ ಮೇಲೆ ಹೇರಿ ಹೊಸ ಜಾಗಕ್ಕೆ ಸಾಗಿಸುತ್ತಿದ್ದರು. ಆಗ ನನಗೆ ಮನೆ ಕಟ್ಟುವುದಕ್ಕಿಂತ ಬಿಚ್ಚುವ ಕೆಲಸವೇ ಹೆಚ್ಚು.

ಅಪ್ಪನ ಗಂಟು

ಬ್ಯಾಕೋಡು ಕಡೆಯ ಒಂದು ಮನೆ. ಬಾಗಿಲ ಚೌಕಟ್ಟು ಕೀಳುವಾಗ ಮೇಲಿನ ಗೋಡೆಯ ಮಣ್ಣು ಉದುರಿತು. ಒಳಗೊಂದು ಗೂಡು, ಗೂಡಿನಲ್ಲಿ ಬೀಗ ಹಾಕಿದ ಹಿತ್ತಾಳೆ ಡಬ್ಬಿ. ಆ ಮನೆಯ ಅಣ್ಣತಮ್ಮಂದಿರು ಕೆಲಸ ನಿಲ್ಲಿಸಿದರು. ಸತ್ತುಹೋದ ಅಪ್ಪ ಚಿನ್ನ ಇಟ್ಟಿದ್ದಾರೆ ಎಂದು ಅವರಿಗೆ ಮೊದಲಿಂದಲೂ ಗುಮಾನಿ. ಹೊಸ ಜಾಗದಲ್ಲಿ ಗೋಡೆ ಎಬ್ಬಿಸಲು ಕೈಯಲ್ಲಿ ಕಾಸಿರಲಿಲ್ಲ ಬೇರೆ. ತಾಯಿಯನ್ನೂ ಕರೆತಂದು ಕೂರಿಸಿದರು.

ಬೀಗ ಒಡೆದೆ. ಇಬ್ಬರೂ ಮೂಗು ತೂರಿಸಿ ಬಗ್ಗಿದರು. ಮರುಗಳಿಗೆಗೆ ಇಬ್ಬರಿಗೂ ಸೀನು, ಸೀನಿನ ಮೇಲೆ ಸೀನು. ಡಬ್ಬಿ ತುಂಬ ನಸ್ಯ. ಅಪ್ಪ ನಸ್ಯ ಬಿಟ್ಟಿದ್ದೇನೆ ಎಂದು ದೇವರ ಮುಂದೆ ಅಮ್ಮನಿಗೆ ಆಣೆ ಮಾಡಿದ್ದು ಊರಿಗೇ ಗೊತ್ತಿತ್ತು. ಈಗ ಅಮ್ಮನಿಗೆ ಏನು ಹೇಳುವುದು ಎಂದು ಮಕ್ಕಳು ಮುಖ ಮುಖ ನೋಡಿಕೊಂಡರು.

ಅಮ್ಮ ಡಬ್ಬಿ ಎಳೆದುಕೊಂಡರು. ಎರಡು ಬೆರಳಲ್ಲಿ ಹದವಾಗಿ ಚಿಟಿಕೆ ತೆಗೆದು ಮೂಗಿಗೆ ಏರಿಸಿದರು. ಒಂದು ಸೀನೂ ಬರಲಿಲ್ಲ.

"ಇಲ್ಲಿಟ್ಟಿದ್ರಾ ಇವ್ರು? ನಂದು ಖಾಲಿಯಾದಾಗೆಲ್ಲ ಅಡುಗೆಮನೆ ಪೂರ್ತಿ ಜಾಲಾಡಿದ್ದೆ."

ಆನೆ ಕಾಸು

ಹೊಸನಗರದಲ್ಲಿ ಒಬ್ಬ ಸಾಹುಕಾರರು ಕಾಫಿ ಹೋಟೆಲು ಇಡುವವರಿದ್ದರು. ಒಳಕೋಣೆಗೆ ಕಂಬ ನಿಲ್ಲಿಸಲು ಗುಂಡಿ ತೋಡುವಾಗ ಒಂದು ಕುಡಿಕೆ ಸಿಕ್ಕಿತು. ಒಳಗೆ ಹಸಿರು ಹಿಡಿದ ತಾಮ್ರದ ಕಾಸು. ಹುಣಸೆಹಣ್ಣು ಹಾಕಿ ಉಜ್ಜಿದರೆ ಒಂದೊಂದರ ಮೇಲೂ ಒಂದು ಆನೆ. ಯಾರ ಕಾಲದ್ದು, ಯಾರು ಹೂತರು, ಯಾಕೆ ತೆಗೆಯಲು ಬರಲಿಲ್ಲ ಎಂದು ನಾನು ಮಧ್ಯಾಹ್ನದ ಊಟ ಮರೆತು ತಿರುಗಿಸಿ ತಿರುಗಿಸಿ ನೋಡಿದೆ. ಸಾಹುಕಾರರಿಗೆ ಒಂದೇ ಚಿಂತೆ, ಸುದ್ದಿ ಹೊರಗೆ ಹೋದರೆ ಸರ್ಕಾರದವರು ಒಯ್ಯುತ್ತಾರೆ ಎಂದು. ನನ್ನನ್ನು ಗೋಡೆ ಕಡೆ ತಿರುಗಿ ನಿಲ್ಲಲು ಹೇಳಿ ಕುಡಿಕೆಯನ್ನು ಆ ಕೋಣೆಯಲ್ಲೇ ಇನ್ನೊಂದು ಕಡೆ ಹೂತರು. ಗುರುತಿಗೆ ಅದರ ಮೇಲೆ ಇದ್ದಿಲ ಮೂಟೆ ಇಟ್ಟರು.

ಒಲೆ ಹಾಕುವವರು ಬಂದು ಮೂಟೆಯನ್ನು ಹೊರಗೆ ಎಸೆದರು. ನೆಲಕ್ಕೆ ಗಾರೆಯೂ ಆಯಿತು. ಒಂದು ತಿಂಗಳ ಮೇಲೆ ಸಾಹುಕಾರರು ನನಗೆ ಹೇಳಿಕಳಿಸಿದರು. ಹೋಗಿ ನೋಡಿದರೆ ಹೊಸ ಗಾರೆಯನ್ನು ನಾಲ್ಕು ಕಡೆ ಅಗೆದಿದ್ದಾರೆ, ಅವರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಎಲ್ಲಿ ಹೂತಿದ್ದು ಎಂದು ಸಾಹುಕಾರರು ನನ್ನನ್ನೇ ಕೇಳಿದರು. ನೀವೇ ತಿರುಗಿ ನಿಲ್ಲಿಸಿದಿರಲ್ಲ ಎಂದೆ.

ಅವರಿಗೆ ನಿಜಕ್ಕೂ ಬೇಜಾರಾಯಿತು. "ತಿರುಗಿ ನಿಲ್ಲು ಅಂದ್ರೆ ಪೂರ್ತಿ ತಿರುಗಿ ನಿಲ್ಲೋದಾ ಆಚಾರ್ರೆ?"

ಕವಡೆ

ತೀರ್ಥಹಳ್ಳಿಯ ಜೈನ ವ್ಯಾಪಾರಿಗಳೊಬ್ಬರ ಮನೆಯಲ್ಲಿ ಹಳೇ ಪೆಟ್ಟಿಗೆಯ ತಳ ರಿಪೇರಿ ಮಾಡುತ್ತಿದ್ದೆ. ಒಳಗಿನ ಆಳ ಹೊರಗಿನದಕ್ಕಿಂತ ನಾಲ್ಕು ಬೆರಳು ಕಡಿಮೆ. ಎಲ್ಲೋ ಕಳ್ಳ ಖಾನೆ ಇದೆ ಎಂದು ತಡಕಿ ಒಂದು ಹಲಗೆ ಸರಿಸಿದೆ. ಕೆಂಪು ಬಟ್ಟೆಯ ಚೀಲ, ಅದರಲ್ಲಿ ಕವಡೆಗಳು.

ಪಕ್ಕದಲ್ಲೇ ಕೂತಿದ್ದ ಮನೆಯ ಅಜ್ಜಿ ಚೀಲವನ್ನು ಮಡಿಲಿಗೆ ಎಳೆದುಕೊಂಡರು. ಅವರು ಚಿಕ್ಕ ಹುಡುಗಿಯಾಗಿ ಮದುವೆಯಾಗಿ ಬರುವಾಗ ತವರಿನಿಂದ ತಂದ ಕವಡೆಯಂತೆ. ತನ್ನಷ್ಟೇ ವಯಸ್ಸಿನ ನಾದಿನಿಯ ಜೊತೆ ಹೊತ್ತುಗೊತ್ತಿಲ್ಲದೆ ಆಡುತ್ತಿದ್ದರಂತೆ. ಒಂದು ದಿನ ಚೀಲವೇ ಕಾಣೆ. ನೀನೇ ಕದ್ದೆ ಎಂದು ಅಜ್ಜಿ ನಾದಿನಿಯ ಮೇಲೆ ಹೊರಿಸಿದ್ದರು. ಮದುವೆಯಾಗಿ ಸಾಗರಕ್ಕೆ ಹೋದ ನಾದಿನಿಯದು ಅಂದಿನಿಂದ ಇವರ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ಅರವತ್ತು ವರ್ಷ. ಖಾನೆಯ ಗುಟ್ಟು ಗೊತ್ತಿದ್ದದ್ದು ಅತ್ತೆ ಒಬ್ಬರಿಗೇ. ಆಟದ ಹುಚ್ಚು ಬಿಡಿಸಲು ಅವರೇ ಅಡಗಿಸಿದ್ದರು ಎನ್ನುವುದು ಈಗ ತಿಳಿಯಿತು.

ಅಜ್ಜಿ ಅವತ್ತು ಊಟ ಮಾಡಲಿಲ್ಲ. ಸಾಗರಕ್ಕೆ ಜನ ಕಳಿಸಿದರು. ಎರಡು ದಿನದ ಮೇಲೆ ನಾದಿನಿ ಬಸ್ಸಿಳಿದು ಬಂದರು. ಮನೆಮಂದಿಯೆಲ್ಲ ಸೇರಿದ್ದರು. ನಾನೂ ಹಲಗೆ ಕೀಸುವ ರಂದ ಕೆಳಗಿಟ್ಟೆ. ಅಜ್ಜಿ ಚೀಲ ಮುಂದಿಟ್ಟು, ತಪ್ಪಾಯ್ತು ಎಂದು ಎಲ್ಲರೆದುರು ಕೈಮುಗಿದರು.

ನಾದಿನಿ ಕವಡೆ ಸುರಿದು ಎಣಿಸಿದರು. ಹದಿನೈದು. ಹದಿನಾರು ಇತ್ತಲ್ಲ ಎಂದರು ಅಜ್ಜಿ, ಕಣ್ಣೊರೆಸಿಕೊಳ್ಳುತ್ತಲೇ. ಹೌದು ಎಂದು ನಾದಿನಿ ಸೆರಗಿನ ಗಂಟು ಬಿಚ್ಚಿ ಇನ್ನೊಂದು ಕವಡೆ ತೆಗೆದು ಸಾಲಿಗೆ ಸೇರಿಸಿದರು.

"ನಾ ಕದ್ದಿದ್ದು ಇದೊಂದೇ. ಉಳಿದ ಹದಿನೈದೂ ನನ್ನ ತಲೆಗೆ ಕಟ್ಟಿದ್ರಲ್ಲ, ಅದಕ್ಕೇ ನಂಗೆ ಸಿಟ್ಟು."